ಜೋರು ಬ್ಯಾಡ, ಬಿಡಿಸಿ ಹೇಳು

ನ್ಯಾಮತಿಯ ನಮ್ಮ ಮನೆಯಲ್ಲಿ ಮಾತಾಡುವವರ ಹತ್ತಿರ ಕಂದೀಲು ಇರಬೇಕಿತ್ತು. ಸಂಜೆ ಊಟಕ್ಕೆ ಕೂತಾಗ ಅವ್ವನಿಗೆ ಏನಾದರೂ ಹೇಳುವುದಿದ್ದರೆ ಕಂದೀಲನ್ನು ತನ್ನ ಮುಖದ ಪಕ್ಕಕ್ಕೆ ಎಳೆದುಕೊಳ್ಳುವಳು. ನನಗೆ ಹೇಳುವುದಿದ್ದರೆ ಅದು ನನ್ನ ಕಡೆ ಬರುವುದು. ನನ್ನ ತಮ್ಮ ಬಸಣ್ಣನಿಗೆ ಹೇಳುವಂಥದ್ದು ಏನೂ ಇರುತ್ತಿರಲಿಲ್ಲ, ಆದರೂ ಕಂದೀಲು ಹಿಡಿಯುವ ಆಸೆಗೆ "ಅಪ್ಪಾ, ಬೆಕ್ಕು ಬಂತು" ಅನ್ನುವನು. ದೀಪ ಹೀಗೆ ಗಂಗಾಳದಿಂದ ಗಂಗಾಳಕ್ಕೆ ತಿರುಗುವಾಗ ಮಿಕ್ಕವರು ಮುದ್ದೆ ಎಲ್ಲಿ, ಸಾರು ಎಲ್ಲಿ ಅಂತ ಕತ್ತಲಲ್ಲಿ ತಡಕಾಡಿ ಉಣ್ಣುತ್ತಿದ್ದೆವು. ಎಲ್ಲರ ಮನೆಯಲ್ಲೂ ಹೀಗೇ ಅಂತ ನಾನು ತಿಳಿದಿದ್ದೆ. ಮದುವೆಯಾಗಿ ಚನ್ನಗಿರಿಗೆ ಬಂದ ಹೊಸದರಲ್ಲಿ ಒಂದು ಸಂಜೆ ಕರೆಂಟು ಹೋಯಿತು. ಅತ್ತೆಯ ಹತ್ತಿರ ಮಾತಾಡುವ ಮುಂಚೆ ನಾನು ಚಿಮಣಿ ಬುಡ್ಡಿ ಎತ್ತಿ ನನ್ನ ಮುಖಕ್ಕೆ ಹಿಡಿದುಕೊಂಡೆ. ಪಾಪ, ಅವರು ಎರಡು ಹೆಜ್ಜೆ ಹಿಂದಕ್ಕೆ ಹೋದರು.

"ಇದ್ಯಾಕವ್ವ, ಮೈಮ್ಯಾಲೆ ಏನಾರ ಬಂದೈತಾ?"

ನಮ್ಮಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ, ಬಾಯಿ ನೋಡಿ ಮಾತು ಹಿಡಿಯುತ್ತಿದ್ದ ಅಂತ ಅವರಿಗೆ ಹೇಳಿ ನಂಬಿಸುವ ಹೊತ್ತಿಗೆ ಸಾಕಾಯಿತು.

ಈಗ ಇದನ್ನು ಬರೆಯಲು ಕೂತದ್ದು ನನ್ನ ಮೊಮ್ಮಗಳು ಬಿಂದುವಿನ ದೆಸೆಯಿಂದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮುದುಕಿ ನಾನು. ನನ್ನ ಅಕ್ಷರಗಳು ಮೇಯಲು ಬಿಟ್ಟ ದನ ಇದ್ದಂತೆ, ಕರೆದ ಕೂಡಲೇ ಬರುವುದಿಲ್ಲ. ಆದರೆ ಹೊಟ್ಟೆ ತುಂಬ ಸಂತೋಷ ಇಟ್ಟುಕೊಂಡು ಸುಮ್ಮನೆ ಕೂರಲಿಕ್ಕೆ ಆಗುತ್ತದೆಯೇ? ಹಾಲಿನವನಿಗೆ ಹೇಳಿದೆ, ಸೊಪ್ಪಿನವಳಿಗೆ ಹೇಳಿದೆ, ದಾವಣಗೆರೆ ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿ ಮುಗಿಯಿತು. ಇನ್ನು ಉಳಿದವರು ನೀವು. ಬಿಂದುವಿಗೆ ಹುಟ್ಟಿನಿಂದ ಕಿವಿ ಮಂದ. ಎರಡು ವರ್ಷ ತುಂಬಿದರೂ ಕರೆದರೆ ತಿರುಗುತ್ತಿರಲಿಲ್ಲ, ಮಾತು ಬರಲಿಲ್ಲ, ಹಟಮಾರಿ ಅಂತ ಅಂದುಕೊಂಡೆವು. ದಾವಣಗೆರೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಎರಡು ಕಿವಿಗೂ ಮಿಷಿನ್ನು ಹಾಕಿದರು. ಕಿವಿಯ ಹಿಂದೆ ಹುಣಸೆ ಬೀಜದಷ್ಟು ಸಣ್ಣದು. ಅಲ್ಲಿಯ ಮೇಡಂ ನಮ್ಮನ್ನೆಲ್ಲ ಕೂರಿಸಿ ಹೇಳಿದರು.

"ಎಚ್ಚರ ಇರೋ ಹೊತ್ತೆಲ್ಲ ಮಗು ಇದನ್ನ ಹಾಕ್ಕೊಂಡೇ ಇರಬೇಕು. ಈ ವಯಸ್ಸಲ್ಲಿ ಕೇಳಿಸ್ಕೊಳ್ಳದಿದ್ರೆ ಮಾತು ಹಿಂದೆ ಬೀಳುತ್ತೆ. ಗದ್ದಲ ಬೇಡ. ಒಂದು ಸಲಕ್ಕೆ ಒಂದೇ ದನಿ ಕೇಳಿಸಿ."

ನಮ್ಮ ಬಿಂದು ಹಾಕಿಕೊಂಡರೆ ತಾನೆ! ಹಾಕಿದ ಮರುಗಳಿಗೆ ಕಿತ್ತು ಎಸೆಯುವಳು. ಒಂದು ಸಲ ಅಕ್ಕಿ ಡ್ರಮ್ಮಿನಲ್ಲಿ ಸಿಕ್ಕಿತು, ಇನ್ನೊಂದು ಸಲ ತುಳಸಿ ಕುಂಡದ ಮಣ್ಣಿನಲ್ಲಿ ಹೂತಿತ್ತು. ನನ್ನ ಸೊಸೆ ಮಂಗಳಾ ಅದನ್ನು ಸೆರಗಿನಲ್ಲಿ ಒರೆಸುತ್ತಾ ಅಳುವಳು. ನನಗೆ ಅಳು ಬರಲಿಲ್ಲ. ನಾನು ಗಟ್ಟಿಗಿತ್ತಿ ಅಂತ ಅಲ್ಲ, ಕಿವಿ ಕೇಳದವರ ಜೊತೆ ಸುಖವಾಗಿ ಇರುವುದು ಹೇಗೆ ಅಂತ ನಾನು ನ್ಯಾಮತಿಯ ಮನೆಯಲ್ಲಿ ನೋಡಿದ್ದೆ.

ಅದು ಮೈಕ್‌ಸೆಟ್ಟಿನ ಮನೆ, ಮದುವೆ ಜಾತ್ರೆಗೆ ಸೆಟ್ಟು ಬಾಡಿಗೆಗೆ ಒಯ್ಯುವುದು ಅಪ್ಪನ ಕಸುಬು. ಬಾಗಿಲು ದಾಟಿದರೆ ಪಡಸಾಲೆ. ಪಡಸಾಲೆಯ ತೊಲೆಗೆ ಮೈಕಿನ ಹಾರನ್ನುಗಳನ್ನು ಅಡ್ಡಡ್ಡಲಾಗಿ ನೇತುಹಾಕಿರುತ್ತಿದ್ದ. ನಾವು ಮಲಗುತ್ತಿದ್ದುದು ಅವುಗಳ ಕೆಳಗೇ. ಗುಬ್ಬಿಗಳು ಒಂದರೊಳಗೆ ಗೂಡು ಕಟ್ಟಿದ್ದವು, ಮರಿ ಹಾರುವ ತನಕ ಆ ಹಾರನ್ನನ್ನು ಬಾಡಿಗೆಗೆ ಕೊಡುವ ಹಾಗಿಲ್ಲ ಅಂತ ಅವ್ವ ಕಟ್ಟಪ್ಪಣೆ ಮಾಡಿದ್ದಳು. ಸೀಳಿದ ಇನ್ನೊಂದನ್ನು ಅಡಿಗೆಮನೆಗೆ ಒಯ್ದು ಚೀಲಕ್ಕೆ ಜೋಳ ಸುರಿಯುವ ಲಾಳಿಕೆ ಮಾಡಿಕೊಂಡಿದ್ದಳು. ಮೂಲೆಯಲ್ಲಿ ಲಾರಿ ಬ್ಯಾಟರಿ ಇರುತ್ತಿತ್ತು. ಅದರ ಆಸಿಡ್ಡು ಹೆಂಗೆ ಸಿಡಿಯುತ್ತಿತ್ತೋ, ಅವ್ವನ ಸೀರೆಗಳೆಲ್ಲ ಜರಡಿ. ಮದುವೆಗೆ ಉಡುವ ಒಂದು ಸೀರೆ ಮಾತ್ರ ಬಚಾವಾಗಿತ್ತು, ಅದನ್ನು ಪಕ್ಕದ ಮನೆಯ ಟ್ರಂಕಿನಲ್ಲಿ ಇಟ್ಟಿದ್ದಳು. ರೆಕಾರ್ಡುಗಳಿಗೆ ನಮ್ಮದೇ ಟ್ರಂಕು, ಬೇವಿನ ಎಲೆ ಹಾಸಿ. ಆಂಪ್ಲಿಫೈರು ದೇವರ ಗೂಡಿನ ಕೆಳಗೆ. ಅಪ್ಪ ದಿನಾ ಸ್ನಾನ ಮಾಡಿ ಮೊದಲು ಲಿಂಗಪೂಜೆ, ಆಮೇಲೆ ಅದಕ್ಕೆ ಮೂರು ಬೆರಳು ವಿಭೂತಿ ಎಳೆಯುವನು. ಬಾಡಿಗೆಗೆ ಹೊರಡುವ ಮುಂಚೆ ಅದನ್ನು ಚಾಲೂ ಮಾಡಿ ಒಳಗಿನ ಬಲ್ಬುಗಳು ಕೆಂಪಗಾಗುವುದನ್ನು ನೋಡುವನು. ಬಿಸಿಯಾದ ಧೂಳಿನ ವಾಸನೆ ಮನೆ ತುಂಬುವುದು. ನನಗೆ ಈಗಲೂ ಮದುವೆ ಅಂದರೆ ಮೊದಲು ನೆನಪಾಗುವುದು ಆ ವಾಸನೆ, ಆಮೇಲೆ ಹೋಳಿಗೆ.

ಅಪ್ಪನ ಕಿವಿ ಹೋದದ್ದು ಆ ಹಾರನ್ನುಗಳ ಬಾಯಿಯ ಮುಂದೆ ನಿಂತು ನಿಂತೇ ಅಂತ ಅವ್ವ ಹೇಳುವಳು. ಒಂದೇ ಸಲ ಹೋಗಲಿಲ್ಲ, ಕೆರೆ ಬತ್ತಿದ ಹಾಗೆ ಅಂಚಿನಿಂದ ಹೋಯಿತು. ಮೊದಲು ಗುಬ್ಬಿ ಕೇಳದಾಯಿತು, ಆಮೇಲೆ ಬಾಗಿಲು ಬಡಿದದ್ದು, ಆಮೇಲೆ ನಾವು. ಅವ್ವ ಕೂಗಿ ಮಾತಾಡಲು ಶುರುಮಾಡಿದಳು. ಅವಳ ಗಂಟಲು ಯಾವ ಮೈಕಿಗೂ ಕಡಿಮೆ ಇರಲಿಲ್ಲ. "ಉಪ್ಪು ಮುಗಿದೈತೆ" ಅಂತ ಅಪ್ಪನಿಗೆ ಹೇಳಿದರೆ ಎದುರು ಮನೆಯವರು ಬಟ್ಟಲಲ್ಲಿ ಉಪ್ಪು ತಂದುಕೊಡುವರು. ಗಂಡ ಹೆಂಡಿರ ಗುಟ್ಟು ಯಾವುದೂ ಬೀದಿಗೆ ಹೊಸದಾಗಿ ಉಳಿಯಲಿಲ್ಲ. ಒಂದು ಮಧ್ಯಾಹ್ನ ಅಪ್ಪ ಉಣ್ಣುತ್ತಾ ಕೂತಿದ್ದ, ಅವ್ವ ಹಿಂದಿನಿಂದ ಏನೋ ಕೂಗಿದಳು, ಮತ್ತೂ ಕೂಗಿದಳು. ಅಪ್ಪ ಗಂಗಾಳ ಸರಿಸಿಬಿಟ್ಟ.

"ಹಿಂಗೆ ಒದರಬ್ಯಾಡ ಕಣೆ. ಜೋರು ಬ್ಯಾಡ, ಬಿಡಿಸಿ ಹೇಳು."

"ಮೆಲ್ಲಗೆ ಹೇಳಿದ್ರೆ ನಿಮಗೆ ಕೇಳಂಗಿಲ್ಲ, ಜೋರಾಗಿ ಹೇಳಿದ್ರೆ ಸಿಟ್ಟು. ನಾನೇನು ಸಾಯ್ಲಾ?"

"ಜೋರು ಮಾಡಿದ್ರೆ ಮಾತೆಲ್ಲ ಒಂದಕ್ಕೊಂದು ಅಂಟ್ಕಂತಾವೆ. ಬೆಂದು ಮುದ್ದೆಯಾದ ಅನ್ನ ಇದ್ದಂಗೆ. ಮಂಡಕ್ಕಿ ಹಂಗೆ ಬಿಡಿ ಬಿಡಿ ಇರ್ಬೇಕು. ನನ್ನ ಮುಂದೆ ಬಾ, ಮುಖ ತೋರ್ಸು, ಹೇಳು."

ಅವ್ವ ಸಿಟ್ಟಿನಲ್ಲೇ ಮುಂದೆ ಬಂದು ಕೂತು, ಮಂಡಕ್ಕಿ ಆರಿಸುವವಳ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಸಾರು. ಇನ್ನೊಂದು. ಸೌಟು. ಹಾಕ್ಲಾ?" ಅಪ್ಪ ನಕ್ಕುಬಿಟ್ಟ. ನಮ್ಮ ಮನೆಯಲ್ಲಿ ಕಂದೀಲು ತಿರುಗಲು ಶುರುವಾದದ್ದು ಅವತ್ತಿನಿಂದ. ಯಾರೂ ಬೆನ್ನ ಹಿಂದಿನಿಂದ ಮಾತಾಡುವಂತಿಲ್ಲ, ಇಬ್ಬರು ಒಟ್ಟಿಗೆ ಮಾತಾಡುವಂತಿಲ್ಲ, ಕರೆಯಬೇಕಾದರೆ ನೆಲಕ್ಕೆ ಕಾಲು ಬಡಿಯಬೇಕು. ಬಸಣ್ಣ ಒಂದು ದಿನ ಬೆನ್ನ ಹಿಂದೆ ನಿಂತು "ಕಿವುಡಪ್ಪ" ಅಂದು ಕಿಸಿಕಿಸಿ ನಕ್ಕ. ಅವ್ವನ ಕೈಯಲ್ಲಿದ್ದ ಸೌಟು ಅವನ ಬೆನ್ನಿನ ಮೇಲೆ ಬಿದ್ದದ್ದು ಮಾತ್ರ ಅಪ್ಪನಿಗೂ ಕೇಳಿಸಿತು ಅಂತ ನಾವು ಆಮೇಲೆ ನಗುತ್ತಿದ್ದೆವು.

ಕಿವಿ ಕೇಳದವನ ಮೈಕ್‌ಸೆಟ್ಟನ್ನು ಮದುವೆಗೆ ಯಾರು ಕರೆಯುತ್ತಾರೆ? ಊರಿಗೆ ಗೊತ್ತಾಗಬಾರದು. ಅದಕ್ಕೇ ಅಪ್ಪ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದ. ಅವನು ಸೆಟ್ಟಿನ ಹತ್ತಿರ ಕೂರುವನು, ನಾನು ಚಪ್ಪರದ ಆ ತುದಿಗೆ ಹೋಗಿ ನಿಲ್ಲುವೆ. ದನಿ ಕೀರಲಾದರೆ ಕೈ ಮೇಲೆ ಎತ್ತಬೇಕು, ಗುಂಯ್‌ಗುಟ್ಟಿದರೆ ಕೈ ಕೆಳಗೆ ಬಿಡಬೇಕು, ಬಿಡಿ ಬಿಡಿಯಾಗಿ ಕೇಳಿದರೆ ಜಡೆ ಹಿಡಿದುಕೊಂಡು ನಿಲ್ಲಬೇಕು. ನೋಡಿದವರು ಹುಡುಗಿ ಆಡಿಕೊಳ್ಳುತ್ತಿದೆ ಅಂತ ತಿಳಿಯುವರು. ಕೆರೆಬಿಳಚಿಯ ಒಂದು ಮದುವೆಯಲ್ಲಿ ಹೀಗೆ ನಿಂತಿದ್ದಾಗ ಕಣಜದ ಹುಳ ಒಂದು ನನ್ನ ತಲೆ ಸುತ್ತ ಸುತ್ತಲು ಶುರುಮಾಡಿತು. ನಾನು ಕೈ ಮೇಲೆ ಬೀಸಿದೆ, ಕೆಳಗೆ ಬೀಸಿದೆ, ಪಕ್ಕಕ್ಕೆ ಬೀಸಿದೆ. ಅಪ್ಪ ಗಾಬರಿಯಾಗಿ ಇದ್ದಬದ್ದ ಗುಂಡಿಗಳನ್ನೆಲ್ಲ ತಿರುವಿದ. ಸೆಟ್ಟು ಹಿಡಿದ ಹಂದಿಯ ಹಾಗೆ ಕಿರುಚಿತು. ಅಕ್ಕಿಕಾಳು ಹಾಕಲು ನಿಂತಿದ್ದವರೆಲ್ಲ ಕಿವಿ ಮುಚ್ಚಿಕೊಂಡರು, ಕೈಯ ಅಕ್ಕಿ ಅವರ ತಲೆಗೇ ಬಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು "ಏನಪ್ಪಾ ಇದು?" ಅಂದರೆ ಅಪ್ಪ ಅವರ ಬಾಯಿ ನೋಡಿ, ಬಹಳ ಗಂಭೀರವಾಗಿ "ಮುಹೂರ್ತ ಬಂತು ಅಂತ ಎಚ್ಚರಿಕೆ ಕೊಟ್ಟೆ ಸ್ವಾಮಿ" ಅಂದ.

ಮದುವೆ ಕಾಲದಲ್ಲಿ ಶಾಲೆ ತಪ್ಪುತ್ತಾ ತಪ್ಪುತ್ತಾ ಬಿಟ್ಟೇಹೋಯಿತು. ಅದಕ್ಕೆ ಸಂಕಟಪಟ್ಟೆ ಅಂತ ಬರೆದರೆ ಸುಳ್ಳಾಗುತ್ತದೆ. ನನ್ನ ಶಾಲೆ ಪಡಸಾಲೆಯಲ್ಲೇ ಇತ್ತು. ಕೆಲಸವಿಲ್ಲದ ದಿನ ಅಪ್ಪ ಒಂದು ಸಣ್ಣ ಮರದ ಪೆಟ್ಟಿಗೆಯ ಸ್ಪೀಕರಿಗೆ ತಂತಿ ಕೊಟ್ಟು, ಬಾಡಿಗೆಗೆ ಒಯ್ಯದ ರೆಕಾರ್ಡು ಹಾಕುವನು. ಆ ಪೆಟ್ಟಿಗೆಗೆ ಹಣೆ ಹಚ್ಚಿ ಕಣ್ಣು ಮುಚ್ಚುವನು. ಬಂದವರು ದೇವರಿಗೆ ಅಡ್ಡಬಿದ್ದಿದ್ದಾನೆ ಅಂತ ಸುಮ್ಮನೆ ನಿಲ್ಲುವರು. ಹಣೆಗೆ ಬಂದಷ್ಟು ಅವನಿಗೆ, ಮಿಕ್ಕದ್ದನ್ನು ನಾನು ಹೇಳಬೇಕು.

"ಹಾಡೋನು ಎಲ್ಲಿ ಕೂತಾನೆ, ನೋಡು."

"ಪೆಟ್ಟಿಗೆ ಒಳಗೆ ಅಪ್ಪಾ."

"ಪೆಟ್ಟಿಗೆ ಮರ್ತುಬಿಡು. ಕೋಣೆ ದೊಡ್ಡದಾ, ಸಣ್ಣದಾ? ಗ್ವಾಡಿ ಹತ್ರ ಐತಾ, ದೂರ ಐತಾ?"

ಕೇಳುತ್ತಾ ಕೇಳುತ್ತಾ ಗೋಡೆ ಕಾಣಲು ಶುರುವಾಯಿತು. ನಿಜ ಹೇಳುತ್ತೇನೆ, ಕಾಣುತ್ತಿತ್ತು. ಹಾಡುವವನು ಮೈಕಿಗೆ ಹತ್ತಿರ, ತಬಲದವನು ಹಿಂದೆ, ಮುಕ್ಕಾಲು ಹಾಡು ಮುಗಿದಾಗ ಅವನು ಮಂಡಿ ಸರಿಸಿದ. ನಾನು ಕಂದೀಲಿನ ಬೆಳಕಿನಲ್ಲಿ ಒಂದೊಂದೇ ಬಿಡಿಸಿ ಹೇಳಿದರೆ ಅಪ್ಪ ತಲೆ ಆಡಿಸುವನು. ಒಬ್ಬ ದೊಡ್ಡ ಮನುಷ್ಯ, ಅದೂ ಅಪ್ಪ, ಹತ್ತು ವರ್ಷದ ಹುಡುಗಿಯ ಬಾಯನ್ನು ಅಷ್ಟು ಹಸಿವಿನಿಂದ ನೋಡುತ್ತಿದ್ದ. ನನ್ನ ಮಾತಿಗೆ ಬೆಲೆ ಐತೆ ಅಂತ ನನಗೆ ಗೊತ್ತಾದದ್ದು ಆಗ. ಮುಂದೆ ಯಾರ ಎದುರೂ ನನಗೆ ತಲೆ ತಗ್ಗಲಿಲ್ಲ.

ಇಷ್ಟೆಲ್ಲ ಇದ್ದ ಮನೆಯ ಮೊಮ್ಮಗ ನನ್ನ ಮಗ ಶಿವು. ಚನ್ನಗಿರಿಯಲ್ಲಿ ಸುಟ್ಟ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಮಗಳಿಗೆ ಕಿವಿ ಮಂದ ಅಂದ ಕೂಡಲೇ ಅವನೊಳಗಿನ ಮೈಕ್‌ಸೆಟ್ಟಿನ ರಕ್ತ ಎದ್ದುಬಿಟ್ಟಿತು. ಬೀರುವಿನಷ್ಟು ಎತ್ತರದ ಸೌಂಡ್ ಬಾಕ್ಸು ತಂದು, ಫೋನಿನಿಂದ ಮಕ್ಕಳ ಹಾಡು ಹಾಕಿ, ಕೂಸನ್ನು ಅದರ ಮುಂದೆ ಕೂರಿಸಿದ. ಅಟ್ಟದ ಮೇಲಿನ ಪಾತ್ರೆಗಳು ನಡುಗಿದವು. ಬಿಂದು ಚಿಟ್ಟನೆ ಚೀರಿ ಮಿಷಿನ್ನು ಎರಡೂ ಕಿತ್ತು ಗೋಡೆಗೆ ಹೊಡೆದಳು. ಅದಾದ ಮೇಲೆ ಮಿಷಿನ್ನಿನ ಡಬ್ಬಿ ನೋಡಿದರೇ ಮಂಚದ ಕೆಳಗೆ ಸೇರುವಳು. ಶಿವು ಮುಖ ಸಪ್ಪೆ ಮಾಡಿ ನನ್ನ ಹತ್ತಿರ ಬಂದು ಕೂತ.

"ಅವ್ವಾ, ಒಳ್ಳೇದು ಮಾಡಾಕೆ ಹೋಗಿ ಹಿಂಗಾತು. ಇನ್ನು ಅವ್ಳು ಹಾಕ್ಕಣಂಗೇ ಇಲ್ಲ. ಮಾತು ಬರ್ದೇ ಹೋದ್ರೆ?"

"ಜೋರು ಬ್ಯಾಡ ಮಗಾ. ಫೋನಿನ ಹಾಡೆಲ್ಲ ಒಂದಕ್ಕೊಂದು ಅಂಟ್ಕಂಡಿರ್ತಾವೆ, ಬಿಡಿ ಬಿಡಿ ಇರೋದು ಹುಡುಕಾನ. ನಿನ್ನ ಮದುವ್ಯಾಗೆ ಬಂದ ಸೀಡಿ ಪ್ಲೇಯರ್ ಮಂಚದ ಕೆಳಗೆ ಐತಲ್ಲ, ತೆಗಿ."

ಪ್ಲೇಯರೇನೋ ಒರೆಸಿದ ಮೇಲೆ ನಡೆಯಿತು. ಅದಕ್ಕೆ ಹಾಕಲು ಒಳ್ಳೆಯ ಸೀಡಿ? ಚನ್ನಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಹಿಂದೆ ಕ್ಯಾಸೆಟ್ಟು ಮಾರುತ್ತಿದ್ದವನು ಈಗ ಮೊಬೈಲ್ ಕವರು ಮಾರುತ್ತಿದ್ದಾನೆ. "ಸೀಡೀನಾ ಅಜ್ಜಮ್ಮ? ಯಾವ ಕಾಲದಾಗೆ ಇದೀರಿ?" ಅಂದ. ಮಂಗಳಾಳ ತವರು ಹೊನ್ನಾಳಿ. ಅಲ್ಲಿ ಅವರ ಪಕ್ಕದ ಮನೆಯಲ್ಲಿ ದನದಾಸ್ಪತ್ರೆಯ ಕಾಂಪೌಂಡರ್ ಆಗಿದ್ದು ನಿವೃತ್ತಿಯಾದವರೊಬ್ಬರು ಇದ್ದಾರೆ, ಅವರಿಗೆ ಸೀಡಿ ಹುಚ್ಚು ಅಂತ ಗೊತ್ತಾಗಿ ಹೋದೆ. ಸದ್ದು ಮಾರ್ದನಿ ಕೊಡದಿರಲಿ ಅಂತ ಕೋಣೆಯ ಗೋಡೆಗೆಲ್ಲ ಕೌದಿ ಹೊಡೆದಿದ್ದಾರೆ. ಬೀರು ತುಂಬ ಸೀಡಿ, ಹೆಂಡತಿಯ ಸೀರೆಗಳು ಅಕ್ಕಿಚೀಲದ ಮೇಲೆ. ಅವರು ನನ್ನನ್ನು ನಡುವೆ ಕುರ್ಚಿ ಹಾಕಿ ಕೂರಿಸಿ, ಒಂದೇ ತರದ ಸಂಗೀತ ಕಚೇರಿ ಇರುವ ಎರಡು ಸೀಡಿ ಒಂದಾದ ಮೇಲೆ ಒಂದು ಹಾಕಿದರು.

"ಹೇಳ್ರಿ ಗೌರಮ್ಮನೋರೇ, ಮೊದಲನೇದು ಹೆಂಗೈತೆ?"

"ನಡುವೆ ಹಾಡೋರು, ಎಡಕ್ಕೆ ಪಿಟೀಲು. ಪಿಟೀಲಿನೋರು ಸ್ವಲ್ಪ ಹಿಂದಕ್ಕೆ ಸರ್ದು ಕೂತಾರೆ."

"ಎರಡನೇದು?"

"ಎಲ್ರೂ ಒಂದೇ ಆಟೋದಾಗೆ ತುಂಬ್ಕಂಡಂಗೆ ಐತಲ್ರೀ."

ಅವರು ತೊಡೆ ತಟ್ಟಿಕೊಂಡು ನಕ್ಕರು. ಒಳಗಿದ್ದ ಹೆಂಡತಿಯನ್ನು ಕೂಗಿ, "ಲೇ, ಈ ಊರಾಗೆ ನಾನೊಬ್ನೇ ಹುಚ್ಚ ಅಂತಿದ್ದೆಲ್ಲ, ಚನ್ನಗಿರಿಯಿಂದ ಇನ್ನೊಬ್ರು ಬಂದಾರೆ, ಚಾ ಮಾಡು" ಅಂದರು. ಸೀಡಿ ಅಂದಮಾತ್ರಕ್ಕೆ ಒಳ್ಳೆಯದಲ್ಲ, ಕೆಲವು ಹಳೇ ಕ್ಯಾಸೆಟ್ಟಿನಿಂದ ಎತ್ತಿ ಹಾಕಿದವು, ಕೆಲವನ್ನು ಜೋರಾಗಿ ಕೇಳಲಿ ಅಂತ ಒತ್ತಿ ಒತ್ತಿ ತುಂಬಿದ್ದಾರೆ, ಮೆಲ್ಲಗಿರುವುದು ಮೆಲ್ಲಗೆ ಉಳಿದಿರುವುದನ್ನು ಹುಡುಕಬೇಕು ಅಂತ ಅವರು ವಿವರಿಸಿದರು. ತಮ್ಮ ಜೀವದಂಥ ಸೀಡಿಗಳನ್ನು ಟವಲಿನಲ್ಲಿ ಸುತ್ತಿ ಕೊಟ್ಟೂ ಕಳಿಸಿದರು. ಹೇಗೋ ರಮಿಸಿ ಮಿಷಿನ್ನು ಹಾಕಿದರೆ ಬಿಂದು ತಂಬೂರಿ ಕೇಳುವ ತನಕ ಕೂತಳು, ಮೃದಂಗ ಸೇರಿದ ಕೂಡಲೇ ಕಿತ್ತಳು. ಫೋನಿನಲ್ಲಿ ಹೇಳಿದರೆ ಕಾಂಪೌಂಡರಿಗೂ ಬೇಜಾರಾಯಿತು.

"ಒಂದೇ ದನಿ, ಒಂದೇ ತಂತಿ, ಮ್ಯಾಲೆ ಏನೂ ಬೆರೆಸ್ದೆ ಯಾರು ಮಾಡ್ತಾರ್ರೀ? ಇದ್ರೂ ಯಾರು ಕೊಳ್ತಾರೆ? ಸಿಕ್ರೆ ನಂಗೂ ಕೇಳಿಸ್ರಿ."

ಯಾರೂ ಕೊಳ್ಳದ್ದು ಎಲ್ಲಿ ಸಿಗುತ್ತದೆ ಅಂತ ನಾನು ಬಸಣ್ಣನ ಹತ್ತಿರ ಗೋಳು ತೋಡಿಕೊಂಡೆ. ನನ್ನ ತಮ್ಮ ಹೆಂಡತಿಯ ಊರಾದ ಬಿಳಿಚೋಡಿನಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಅವನು ಫೋನಿನಲ್ಲಿ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ.

"ಅಕ್ಕಾ, ಸೀಡಿಗೇನು ಬರ! ನನ್ನ ಸೂರ್ಯಕಾಂತಿ ಹೊಲದಾಗೆ ತೂಗಾಡ್ತಾವೆ ಬಾ."

ಹೋಗಿ ನೋಡಿದೆ. ಹೊಲದ ತುಂಬ ದಾರ ಎಳೆದು ಸೀಡಿ ಕಟ್ಟಿದ್ದಾನೆ. ಗಾಳಿಗೆ ತಿರುಗಿ ಫಳ್ ಫಳ್ ಅಂತ ಹೊಳೆದರೆ ಗಿಳಿ ಹತ್ತಿರ ಬರುವುದಿಲ್ಲವಂತೆ. ಎಷ್ಟು ಜನರ ಗಂಟಲು ಬಿಸಿಲಿನಲ್ಲಿ ಒಣಗುತ್ತಿದೆಯಲ್ಲಪ್ಪ ಅಂದುಕೊಂಡೆ. ಜಗಳೂರಿನಲ್ಲಿ ಬಾಗಿಲು ಹಾಕಿದ ಅಂಗಡಿಯವರು ಗೋಣಿಚೀಲದಲ್ಲಿ ತುಂಬಿ ಕೊಟ್ಟದ್ದು, ಇನ್ನೂ ಅರ್ಧ ಚೀಲ ದನದ ಕೊಟ್ಟಿಗೆಯಲ್ಲಿ ಉಳಿದಿತ್ತು. ಬಸಣ್ಣ ತನ್ನ ಟಿವಿಯ ಕೆಳಗಿನ ಪ್ಲೇಯರಿಗೆ ಒಂದೊಂದೇ ಹಾಕುತ್ತಾ ಹೋದ, ನಾನು ಅಂಗಳದಲ್ಲಿ ನಿಂತೆ. ಕೀರಲು. ಬ್ಯಾಡ. ಗುಂಯ್. ಬ್ಯಾಡ. ಆಟೋ. ಬ್ಯಾಡ. ಇದು ಕ್ಯಾಸೆಟ್ಟಿಂದ ಎತ್ತಿದ್ದು, ಸೊರ್ ಅಂತೈತೆ, ಬ್ಯಾಡ. ಅವನ ಹೆಂಡತಿ ರೊಟ್ಟಿ ಬಡಿಯುವುದು ಮುಗಿದು, ನಾವು ಉಂಡು, ಮತ್ತೆ ಕೂತೆವು. ಬಸಣ್ಣನಿಗೆ ಸಾಕಾಗಿತ್ತು.

"ಅಪ್ಪನಿಗಿಂತ ನೀನು ಕಾಟ ಕಣೇ ಅಕ್ಕ. ಅವ್ನಿಗೆ ಕೇಳ್ತಿರ್ಲಿಲ್ಲ, ನಿಂಗೆ ಜಾಸ್ತಿ ಕೇಳ್ತೈತೆ."

ಹಾಗೆ ಗೊಣಗಿಕೊಂಡೇ ಬಿಳಿ ಕಾಗದದ ಚೀಲದ ಒಂದು ಸೀಡಿ ಹಾಕಿದ. ಮೇಲೆ ಚಿತ್ರವಿಲ್ಲ, ದೇವರಿಲ್ಲ, ಹಾಡಿದ ಹೆಣ್ಣುಮಗಳ ಹೆಸರು ಸಣ್ಣ ಅಕ್ಷರದಲ್ಲಿ, ಅಷ್ಟೇ. ಮೊದಲು ಏನೂ ಕೇಳಲಿಲ್ಲ, ಆದರೆ ಆ ಏನೂ ಇಲ್ಲದ್ದರಲ್ಲಿ ಒಂದು ಕೋಣೆ ಇತ್ತು. ಕಲ್ಲಿನ ಗೋಡೆ, ಎತ್ತರದ ಮಾಡು. ಆಮೇಲೆ ಏಕತಾರಿಯ ತಂತಿ ಒಂದೇ ಮಿಡಿಯಿತು, ಪೂರ್ತಿ ಆರುವ ತನಕ ಬಿಟ್ಟು ಮತ್ತೆ ಮಿಡಿಯಿತು. ಆಮೇಲೆ ವಯಸ್ಸಾದ ಹೆಂಗಸಿನ ದನಿ, ಅವಸರವಿಲ್ಲದೆ, ಮೊರದಲ್ಲಿ ಕಾಳು ಹರಡಿದ ಹಾಗೆ ಒಂದೊಂದೇ ಮಾತು. ಆಯಮ್ಮ ನನ್ನ ಮುಂದೆ ಚಾಪೆ ಮೇಲೆ ಕೂತಿದ್ದಳು. ಅವಳ ಮುಂದೆ ಮೈಕು ಇಟ್ಟು, ಏನನ್ನೂ ಬೆರೆಸದೆ, ಮೆಲ್ಲಗಿದ್ದುದನ್ನು ಮೆಲ್ಲಗೇ ಬಿಟ್ಟ ಆ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ. ಬಸಣ್ಣ ಬಾಗಿಲಿಗೆ ಬಂದು ನನ್ನ ಮುಖ ನೋಡಿದ. ನಾನು ನಿಂತಲ್ಲೇ ಅಳುತ್ತಿದ್ದೆ, ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಮನೆಗೆ ತಂದ ದಿನ ಶಿವು ಫ್ಯಾನು ಆರಿಸಿದ, ಮಂಗಳಾ ಕುಕ್ಕರ್ ಇಳಿಸಿ ಕಿಟಕಿ ಮುಚ್ಚಿದಳು. ಕಾಂಪೌಂಡರು ಹೇಳಿದ ಹಾಗೆ ಗೋಡೆಗೆ ನನ್ನ ಕೌದಿ ತೂಗುಹಾಕಿದೆವು. ಬಿಂದುವಿಗೆ ಮಂಡಕ್ಕಿಯ ಬಟ್ಟಲು ಕೊಟ್ಟು, ಅವಳು ತಿನ್ನುವುದರಲ್ಲಿ ಮೈಮರೆತಾಗ ಮಂಗಳಾ ಮಿಷಿನ್ನು ಹಾಕಿದಳು. ಸೀಡಿ ತಿರುಗಿತು. ಮೂವರೂ ಅವಳ ಕೈಗಳನ್ನೇ ನೋಡುತ್ತಿದ್ದೆವು. ಒಂದು ಕೈ ಕಿವಿಯ ತನಕ ಹೋಯಿತು, ಅಲ್ಲೇ ನಿಂತಿತು, ಮತ್ತೆ ಬಟ್ಟಲಿಗೆ ಬಂತು. ಅವತ್ತು ಅಷ್ಟೇ. ಆದರೆ ಹಾಡು ಮುಗಿಯುವ ತನಕ ಕೀಳಲಿಲ್ಲ. ಮರುದಿನವೂ ಕೀಳಲಿಲ್ಲ. ಆಮೇಲೆ ಅವಳೇ ಪ್ಲೇಯರಿನ ಹತ್ತಿರ ಹೋಗಿ, ಮಿಷಿನ್ನಿನ ಡಬ್ಬಿ ತಂದು ಅಮ್ಮನ ಮಡಿಲಿಗೆ ಹಾಕುವಂತಾದಳು. ಮಂಗಳಾ ಅಡಿಗೆಮನೆಗೆ ಓಡಿಹೋಗಿ ಒಬ್ಬಳೇ ನಗುವಳು. ಹಾಡಿನ ಮಾತುಗಳು ತುಂಡು ತುಂಡಾಗಿ ಬಿಂದುವಿನ ಬಾಯಿಗೆ ಬರತೊಡಗಿದವು. ವರ್ಷ ಕಳೆಯುವುದರಲ್ಲಿ ನಮ್ಮ ಜೊತೆಗೂ ಸಣ್ಣ ಸಣ್ಣ ಮಾತು ಆಡತೊಡಗಿದಳು.

ಮೊನ್ನೆ ಸಂಜೆ ಹಾಡು ನಡೆಯುತ್ತಿದ್ದಾಗ ಬಿಂದು ಇದ್ದಕ್ಕಿದ್ದಂತೆ ಕಿಲಕಿಲ ನಕ್ಕಳು.

"ಅಜ್ಜಿ, ಆ ಅಜ್ಜಿ ಗುಳುಕ್ ಅಂತು."

"ಏನಂತು ಬಂಗಾರಿ?"

"ಗುಳುಕ್. ಉಗುಳು ನುಂಗ್ತು."

ಶಿವು ಹಿಂದಕ್ಕೆ ತಿರುಗಿಸಿ ಹಾಕಿದ. ನನಗೆ ಏನೂ ಕೇಳಲಿಲ್ಲ. ಇನ್ನೊಮ್ಮೆ ಹಾಕಿದ. ಮಂಗಳಾ ಸ್ಪೀಕರಿಗೆ ಕಿವಿ ಹಚ್ಚಿ ಕೂತವಳು ಬಾಯಿಗೆ ಕೈ ಇಟ್ಟುಕೊಂಡಳು.

"ಹೌದು ಅತ್ತೆ, ಐತೆ! ಎರಡನೇ ಸಾಲು ಶುರು ಮಾಡಾಕೆ ಮುಂಚೆ."

"ನಂಗೂ ಕೇಳ್ತವ್ವಾ," ಅಂದ ಶಿವು.

ನಾನು ಕಣ್ಣು ಮುಚ್ಚಿದೆ, ಹತ್ತಿರ ಸರಿದೆ, ಉಸಿರು ಕಟ್ಟಿ ಕೂತೆ. ಕೋಣೆ ಕಂಡಿತು, ಗೋಡೆ ಕಂಡಿತು, ಆ ಗುಟುಕು ಮಾತ್ರ ಕೇಳಲಿಲ್ಲ. ಎಪ್ಪತ್ತರ ಹತ್ತಿರದ ಕಿವಿ, ಅದಕ್ಕೂ ದಣಿವಾಗಿದೆ. ನನಗೆ ಒಂದು ಸಾಸಿವೆಯಷ್ಟೂ ದುಃಖವಾಗಲಿಲ್ಲ ಅಂದರೆ ನೀವು ನಂಬಬೇಕು. ಕುಣಿಯೋಣ ಅನ್ನಿಸಿತು, ಮಂಡಿ ಬಿಡಲಿಲ್ಲ. "ನಂಗೆ ಕೇಳಲಿಲ್ಲ ಕಣವ್ವ" ಅಂದೆ. ಬಿಂದುವಿಗೆ ಸಿಟ್ಟೇ ಬಂತು, ಇಷ್ಟು ದೊಡ್ಡ ಸದ್ದು ಈ ಅಜ್ಜಿಗೆ ಕೇಳುವುದಿಲ್ಲವಲ್ಲ ಅಂತ. ಮಡಿಲಿಗೆ ಹತ್ತಿ ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. ನನ್ನ ಬೆರಳು ತೆಗೆದು ತನ್ನ ಗಂಟಲಿನ ಮೇಲೆ ಇಟ್ಟುಕೊಂಡಳು. ಆಮೇಲೆ ಕಣ್ಣು ಅಗಲ ಮಾಡಿ, ಬಹಳ ಕಷ್ಟದ ಕೆಲಸ ಮಾಡುವವಳ ಹಾಗೆ ಉಗುಳು ನುಂಗಿದಳು. ಬೆರಳಿನ ಕೆಳಗೆ ಆ ಪುಟ್ಟ ಗಂಟಲು ಒಂದು ಸಲ ಏರಿ ಇಳಿಯಿತು.

"ಹಿಂಗೆ," ಅಂದಳು ಬಿಂದು. "ಗೊತ್ತಾತಾ ಅಜ್ಜಿ? ಹಿಂಗೆ."